ಖಡ್ಗದ ಮೇಲಿನ ಹೆಸರು

ಜಪಾನಿನ ಹಳೆಯ ಖಡ್ಗವನ್ನು ಮಾಡಿದವನಾರೆಂದು ತಿಳಿಯಬೇಕಾದರೆ ಮೊದಲು ಹಿಡಿಯನ್ನು ಕಳಚಬೇಕು. ಅದರೊಳಗಡಗಿದ ಅಲಗಿನ ಬುಡದಲ್ಲಿ ಕಮ್ಮಾರನು ಉಳಿಯಿಂದ ಕೊರೆದ ಹೆಸರಿರುತ್ತದೆ. ಆದರೆ ಹೆಸರನ್ನೋದಿದ ಮಾತ್ರಕ್ಕೆ ಕರ್ತೃವು ದೊರೆತನೆನ್ನುವಂತಿಲ್ಲ. ಒಂದೇ ಹೆಸರನ್ನು ಮಕ್ಕಳೂ ಶಿಷ್ಯರೂ ತಲೆಮಾರುಗಳವರೆಗೆ ಹೊತ್ತುದುಂಟು. ಸುಪ್ರಸಿದ್ಧನಾದ ಮಸಮುನೆಯಾದರೋ ಹೆಸರು ಕೊರೆದುದೇ ಅಪೂರ್ವ.

ಇನ್ನು ಕಳ್ಳ ಹೆಸರುಗಳ ಮಾತು. 17ನೆಯ ಶತಮಾನದ ನಾಗಸೊನೆ ಕೊತೆತ್ಸು ಮೊದಲು ಕವಚಗಳನ್ನು ಮಾಡುತ್ತಿದ್ದು, ನಡುವಯಸ್ಸು ಕಳೆದಮೇಲೆ ಖಡ್ಗಕ್ಕೆ ಕೈಹಾಕಿದವನು. ಅವನ ಹೆಸರು ಹೊತ್ತವುಗಳಲ್ಲಿ ಸುಳ್ಳಿನವೇ ಹೆಚ್ಚು. 1864ರಲ್ಲಿ ಕ್ಯೋತೋ ನಗರದ ಇಕೆದಾಯ ಛತ್ರದ ಕಾಳಗದಲ್ಲಿ ಷೋಗುನರ ಪಕ್ಷದ ನಾಯಕ ಕೊಂದೊ ಇಸಾಮಿ ಹಿಡಿದಿದ್ದ ‘ಕೊತೆತ್ಸು’ ಸಹ, ಒಂದು ಐತಿಹ್ಯದಂತೆ, ಕಿಯೊಮಾರೊ ಎಂಬವನ ಕೃತಿ. ಖಡ್ಗವೇನೋ ಒಳ್ಳೆಯದೇ ಆಗಿತ್ತೆನ್ನಿ!

ಆದಕಾರಣ ಬಲ್ಲ ಪರೀಕ್ಷಕರು ಅಲಗಿನ ಬಾಗು, ಮಡಿಸಿ ಬಡಿದ ಉಕ್ಕಿನ ಎಳೆ, ಬಾಯಿಯುದ್ದಕ್ಕೂ ಹರಿಯುವ ಬಿಳಿಯ ಅಲೆ ಇವುಗಳಿಂದ ಕಾಲವನ್ನೂ ಪಂಥವನ್ನೂ ಊಹಿಸಿ, ಆಮೇಲೆ ಹೆಸರನ್ನು ಸಾಕ್ಷಿಗೆ ಕರೆಯುತ್ತಾರೆ. ಉಳಿಯ ಏಟುಗಳನ್ನು ನಿಜವೆಂದು ಗುರುತಾದ ಕೃತಿಗಳೊಡನೆ ಹೋಲಿಸುತ್ತಾರೆ. ಬುಡದ ತುಕ್ಕೂ ಸಾಕ್ಷಿಯೇ. ಸುತ್ತಲೂ ಕಪ್ಪಾಗಿ ಮಾಗಿದ್ದು ಅಕ್ಷರದ ಗೆರೆಯೊಳಗೆ ಮಾತ್ರ ಹೊಸ ಲೋಹ ಮಿನುಗಿದರೆ ಹೆಸರು ಈಚಿನದು. ಅಂದಕ್ಕೆಂದು ಆ ತುಕ್ಕನ್ನು ಉಜ್ಜಿ ತೆಗೆದ ಖಡ್ಗಗಳಿಗೆ ಈ ಪರೀಕ್ಷೆಯೇ ಸಾಧ್ಯವಿಲ್ಲ.