ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್

ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್ ಎಂಬುದು ಕಮಡೋರ್ ಅಮಿಗಾ ಗೃಹ ಗಣಕಯಂತ್ರಕ್ಕಾಗಿ ರಚಿಸಲಾದ ಸಂಗೀತ ಸಂಯೋಜನಾ ತಂತ್ರಾಂಶ. ಇದನ್ನು ಜರ್ಮನಿಯ ಕಾರ್ಸ್ಟನ್ ಒಬಾರ್ಸ್ಕಿ ಅಭಿವೃದ್ಧಿಪಡಿಸಿದರು. 1987ರಲ್ಲಿ ಇ.ಎ.ಎಸ್. ಕಂಪ್ಯೂಟರ್ ಟೆಕ್ನಿಕ್ ಸಂಸ್ಥೆಯು ಇದನ್ನು ಮಾರುಕಟ್ಟೆಗೆ ತಂದಿತು. ‘ಟ್ರ್ಯಾಕರ್’ ಎಂದು ಕರೆಯಲಾಗುವ ತಂತ್ರಾಂಶ ವರ್ಗಕ್ಕೆ ಆ ಹೆಸರು ಬಂದದ್ದು ಇದರಿಂದಲೇ. ‘ಮಾಡ್’ (ಮಾಡ್ಯೂಲ್) ಎಂಬ ಸಂಗೀತ ಕಡತ ಸ್ವರೂಪದ ಮೂಲವೂ ಇದೇ ಆಗಿದೆ.

ಹಿನ್ನೆಲೆ

1980ರ ದಶಕದ ಹಲವು ಗೃಹ ಗಣಕಯಂತ್ರಗಳು ಧ್ವನಿಯನ್ನು ಸರಳ ವಿದ್ಯುತ್ ತರಂಗಗಳಿಂದ ಉತ್ಪಾದಿಸುತ್ತಿದ್ದವು. 1985ರಲ್ಲಿ ಬಿಡುಗಡೆಯಾದ ಅಮಿಗಾದಲ್ಲಿದ್ದ ‘ಪೌಲಾ’ ಎಂಬ ಚಿಪ್ ಇದಕ್ಕಿಂತ ಭಿನ್ನವಾಗಿತ್ತು. ಅದು ಸ್ಮೃತಿಯಲ್ಲಿ ಸಂಗ್ರಹಿಸಿದ 8 ಬಿಟ್ ಧ್ವನಿಮುದ್ರಿಕೆಗಳನ್ನು 4 ವಾಹಿನಿಗಳಲ್ಲಿ ಏಕಕಾಲಕ್ಕೆ ನುಡಿಸಬಲ್ಲದು. ಈ ಪೈಕಿ 2 ವಾಹಿನಿಗಳು ಎಡ ಧ್ವನಿವರ್ಧಕಕ್ಕೂ 2 ಬಲ ಧ್ವನಿವರ್ಧಕಕ್ಕೂ ಮೀಸಲಾಗಿದ್ದವು. ಈ ಸಾಮರ್ಥ್ಯವನ್ನು ಸಂಗೀತಕ್ಕೆ ಬಳಸಿಕೊಳ್ಳುವುದೇ ಸೌಂಡ್‌ಟ್ರ್ಯಾಕರ್‌ನ ಉದ್ದೇಶವಾಗಿತ್ತು. ಕ್ರಿಸ್ ಹ್ಯೂಲ್ಸ್‌ಬೆಕ್ ಅವರು ಕಮಡೋರ್ 64 ಯಂತ್ರಕ್ಕಾಗಿ 1986ರಲ್ಲಿ ಪ್ರಕಟಿಸಿದ ‘ಸೌಂಡ್‌ಮಾನಿಟರ್’ ಅನ್ನು ಇದರ ಪೂರ್ವಸೂರಿ ಎಂದು ಪರಿಗಣಿಸಲಾಗುತ್ತದೆ.

ಕಾರ್ಯವಿಧಾನ

ಸೌಂಡ್‌ಟ್ರ್ಯಾಕರ್‌ನಲ್ಲಿ ಪಾಶ್ಚಾತ್ಯ ಸ್ವರಲಿಪಿಯ ಬದಲಿಗೆ ಮೇಲಿನಿಂದ ಕೆಳಕ್ಕೆ ಸರಿಯುವ ಕೋಷ್ಟಕವಿದೆ. ಅದರ 4 ಅಂಕಣಗಳು 4 ವಾಹಿನಿಗಳನ್ನು ಪ್ರತಿನಿಧಿಸುತ್ತವೆ. 64 ಸಾಲುಗಳ ಒಂದು ಘಟಕಕ್ಕೆ ‘ಪ್ಯಾಟರ್ನ್’ ಎಂದು ಹೆಸರು. ಪ್ರತಿ ಕೋಶದಲ್ಲಿ ಸ್ವರ, ವಾದ್ಯದ ಸಂಖ್ಯೆ ಮತ್ತು ಪರಿಣಾಮದ ಸಂಕೇತವನ್ನು ನಮೂದಿಸಲಾಗುತ್ತದೆ. ಒಂದು ಕೋಶಕ್ಕೆ 4 ಬೈಟ್‌ಗಳಂತೆ ಇಡೀ ಪ್ಯಾಟರ್ನ್ 1,024 ಬೈಟ್‌ಗಳಲ್ಲಿ ಅಡಕವಾಗುತ್ತದೆ. ಪ್ಯಾಟರ್ನ್‌ಗಳನ್ನು ಬೇಕಾದ ಕ್ರಮದಲ್ಲಿ ಜೋಡಿಸಿ, ಅಗತ್ಯವಿದ್ದೆಡೆ ಪುನರಾವರ್ತಿಸಿ, ಹಾಡನ್ನು ಪೂರ್ಣಗೊಳಿಸಬಹುದು.

ಒಂದೇ ಧ್ವನಿಮುದ್ರಿಕೆಯನ್ನು ವೇಗವಾಗಿ ನುಡಿಸಿದರೆ ಶ್ರುತಿ ಏರುತ್ತದೆ, ನಿಧಾನವಾಗಿ ನುಡಿಸಿದರೆ ಇಳಿಯುತ್ತದೆ. ಹೀಗೆ ಒಂದು ಸ್ವರದ ಮುದ್ರಣದಿಂದಲೇ 3 ಸ್ಥಾಯಿಗಳ ಸ್ವರಗಳನ್ನು ಪಡೆಯಲಾಗುತ್ತಿತ್ತು. 4 ವಾಹಿನಿಗಳ ಮಿತಿಯನ್ನು ಮೀರಲು ಸಂಯೋಜಕರು 3 ಸ್ವರಗಳನ್ನು ಒಂದೇ ವಾಹಿನಿಯಲ್ಲಿ ಅತಿವೇಗವಾಗಿ ಸರದಿಯಂತೆ ನುಡಿಸುವ ಪರಿಣಾಮವನ್ನು ಬಳಸಿದರು. ಸ್ವರಮೇಳದಂತೆ ಕೇಳಿಸುವ ಈ ಕಂಪಿಸುವ ನಾದವು ಅಮಿಗಾ ಸಂಗೀತದ ಗುರುತಾಯಿತು.

ಸ್ಯಾಂಪಲ್ ಸಂಗ್ರಹ

ತಂತ್ರಾಂಶದ ಜೊತೆಗೆ ‘ಎಸ್‌ಟಿ-01’ ಎಂಬ ಫ್ಲಾಪಿ ಡಿಸ್ಕ್ ಲಭ್ಯವಿತ್ತು. ಇದರಲ್ಲಿ ಸಂಗೀತಕ್ಕೆ ನೇರವಾಗಿ ಬಳಸಬಹುದಾದ ಕಿರು ಧ್ವನಿಮುದ್ರಿಕೆಗಳು, ಅಂದರೆ ಸ್ಯಾಂಪಲ್‌ಗಳು, ಇದ್ದವು. ಅಮಿಗಾದ ಒಂದು ಫ್ಲಾಪಿಯ ಸಾಮರ್ಥ್ಯ 880 ಕಿಲೋಬೈಟ್ ಮಾತ್ರವಾದುದರಿಂದ ಪ್ರತಿ ಸ್ಯಾಂಪಲ್ ಅತ್ಯಂತ ಚಿಕ್ಕದಾಗಿರಬೇಕಿತ್ತು. ದೀರ್ಘ ಸ್ವರ ಬೇಕಾದಾಗ ಸ್ಯಾಂಪಲ್‌ನ ಒಂದು ಭಾಗವನ್ನು ಮತ್ತೆ ಮತ್ತೆ ನುಡಿಸಲಾಗುತ್ತಿತ್ತು. ಮೂಲ ಆವೃತ್ತಿಯಲ್ಲಿ ಒಂದು ಹಾಡಿಗೆ ಗರಿಷ್ಠ 15 ಸ್ಯಾಂಪಲ್‌ಗಳನ್ನು ಬಳಸಬಹುದಿತ್ತು. ಕಾಲಕ್ರಮೇಣ ಬಳಕೆದಾರರೇ ಇದೇ ಮಾದರಿಯ ಹೊಸ ಡಿಸ್ಕ್‌ಗಳನ್ನು ಸಿದ್ಧಪಡಿಸಿ ಹಂಚಿಕೊಂಡರು. ಆದುದರಿಂದ ಪರಸ್ಪರ ಪರಿಚಯವಿಲ್ಲದ ಸಂಯೋಜಕರ ಕೃತಿಗಳಲ್ಲಿಯೂ ಒಂದೇ ಡ್ರಮ್, ಒಂದೇ ತಂತಿವಾದ್ಯದ ನಾದ ಕೇಳಿಬರುತ್ತದೆ.

ಸ್ವೀಕಾರ ಮತ್ತು ರೂಪಾಂತರಗಳು

ವಾಣಿಜ್ಯಿಕವಾಗಿ ಈ ತಂತ್ರಾಂಶ ಯಶಸ್ವಿಯಾಗಲಿಲ್ಲ. ಬಳಕೆಗೆ ಕಷ್ಟಕರವೆಂಬ ಟೀಕೆಗೂ ಇದು ಗುರಿಯಾಯಿತು. ಆದರೆ ಹವ್ಯಾಸಿ ಪ್ರೋಗ್ರಾಮರ್‌ಗಳು ಇದರ ಯಂತ್ರಸಂಕೇತವನ್ನು ಬಿಡಿಸಿ ನೋಡಿ, ದೋಷಗಳನ್ನು ತಿದ್ದಿ, ಹೊಸ ಆವೃತ್ತಿಗಳನ್ನು ಉಚಿತವಾಗಿ ಹಂಚತೊಡಗಿದರು. 1989ರಲ್ಲಿ ಸ್ವೀಡನ್‌ನ ಮಹೋನಿ ಮತ್ತು ಕಾಕ್ಟಸ್ ಎಂಬ ಅಂಕಿತನಾಮದ ಜೋಡಿ ‘ನಾಯ್ಸ್‌ಟ್ರ್ಯಾಕರ್’ ಅನ್ನು ಹೊರತಂದಿತು. 1990ರಲ್ಲಿ ‘ಪ್ರೊಟ್ರ್ಯಾಕರ್’ ಬಂದಿತು. ಈ ಪರಂಪರೆಯಲ್ಲಿ ಸ್ಯಾಂಪಲ್‌ಗಳ ಮಿತಿ 31ಕ್ಕೆ ಏರಿತು.

ಈ ಬೆಳವಣಿಗೆಗೆ ಎರಡು ಮುಖಗಳಿವೆ. ಮೂಲ ಕರ್ತೃವಿನ ಕೃತಿಯನ್ನು ಇತರರು ಬದಲಿಸಿ ಹಂಚಿದ್ದರಿಂದ ಅದರ ಪ್ರಸಾರದ ಆರ್ಥಿಕ ಫಲ ಅವರಿಗೆ ದಕ್ಕಲಿಲ್ಲ. ಅದೇ ರೂಪಾಂತರಗಳಿಲ್ಲದಿದ್ದರೆ ಮಾಡ್ ಸ್ವರೂಪವು ಇಷ್ಟು ವ್ಯಾಪಕವಾಗುತ್ತಿರಲಿಲ್ಲ. ವಾಣಿಜ್ಯ ಧ್ವನಿಮುದ್ರಿಕೆಗಳಿಂದ ಕತ್ತರಿಸಿದ ತುಣುಕುಗಳೂ ಸ್ಯಾಂಪಲ್ ಸಂಗ್ರಹಗಳಿಗೆ ಸೇರಿದ್ದರಿಂದ ಅವುಗಳ ಹಕ್ಕುಸ್ವಾಮ್ಯವನ್ನು ನಿರ್ಧರಿಸುವುದು ಇಂದಿಗೂ ಜಟಿಲವಾಗಿದೆ.

ಪ್ರಭಾವ

ಮಾಡ್ ಕಡತದಲ್ಲಿ ಸ್ವರಗಳ ಜೊತೆಗೆ ಸ್ಯಾಂಪಲ್‌ಗಳೂ ಅಡಕವಾಗಿರುತ್ತವೆ. ಆದ್ದರಿಂದ ಮೂಲ ಡಿಸ್ಕ್ ನಾಶವಾದರೂ ಹಾಡನ್ನು ಅದೇ ನಾದಗಳೊಂದಿಗೆ ನುಡಿಸಲು ಸಾಧ್ಯ. ಇತರರ ಕಡತವನ್ನು ತೆರೆದು ಪ್ರತಿ ಸ್ವರವನ್ನೂ ಪರಿಶೀಲಿಸಬಹುದಾದ್ದರಿಂದ ಸಂಗೀತ ಶಿಕ್ಷಣವಿಲ್ಲದ ಯುವಜನರಿಗೆ ಇದು ಕಲಿಕೆಯ ಸಾಧನವೂ ಆಯಿತು. ಗಣಕ ಆಟಗಳ ಸಂಗೀತ ಸಂಯೋಜಕ ಯೆಸ್ಪರ್ ಕಿಡ್ ಅವರಂಥವರು ಅಮಿಗಾದ ‘ಡೆಮೊಸೀನ್’ ಕಲಾವಲಯದಿಂದ ಬಂದವರು. ಟ್ರ್ಯಾಕರ್ ಸಂಗೀತವನ್ನು ಅಂಗವಾಗಿ ಹೊಂದಿರುವ ಡೆಮೊಸೀನ್ ಅನ್ನು ಫಿನ್‌ಲೆಂಡ್ 2020ರಲ್ಲಿ ಮತ್ತು ಜರ್ಮನಿ 2021ರಲ್ಲಿ ತಮ್ಮ ಅಮೂರ್ತ ಸಾಂಸ್ಕೃತಿಕ ಪರಂಪರೆಯ ರಾಷ್ಟ್ರೀಯ ಪಟ್ಟಿಗಳಿಗೆ ಸೇರಿಸಿದವು. ಓಪನ್‌ಎಂಪಿಟಿ, ಮಿಲ್ಕಿಟ್ರ್ಯಾಕರ್ ಮೊದಲಾದ ಮುಕ್ತ ತಂತ್ರಾಂಶಗಳ ಮೂಲಕ ಇಂದಿನ ಗಣಕಯಂತ್ರಗಳಲ್ಲಿಯೂ ಮಾಡ್ ಕಡತಗಳನ್ನು ಆಲಿಸಬಹುದು ಹಾಗೂ ಸಂಪಾದಿಸಬಹುದು.