ಪೆಟ್ಟಿಗೆ, ಪೇಟಿ, ಖೋಕಾ

ಏಪ್ರಿಲ್ ತಿಂಗಳಲ್ಲಿ ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿಗೆ ಹೋಗಿ ಹಾಪೂಸ್ ಮಾವಿನ ದರ ಕೇಳಿದರೆ, ಡಜನ್ನಿನ ಮಾತು ಆಮೇಲೆ. ಮೊದಲು ಕಿವಿಗೆ ಬೀಳುವುದು ‘ಪೇಟಿ’. ಒಣಹುಲ್ಲು ಹಾಸಿ ಹಣ್ಣು ಜೋಡಿಸಿದ ಮರದ ಪೆಟ್ಟಿಗೆ ಅದು. ಅಲ್ಲಿಂದ ಒಂದು ಪೇಟಿ ಹೊರಿಸಿಕೊಂಡು ಬಾಣೇರದಲ್ಲಿರುವ ತಂಗಿಯ ಮನೆಗೆ ಹೋದರೆ, ವಿಡಿಯೋ ಗೇಮ್ ಕಂಪನಿಯಲ್ಲಿ ಕೆಲಸ ಮಾಡುವ ಅವಳ ಮಗ ಯಾರಿಗೋ ಫೋನಿನಲ್ಲಿ ಮರಾಠಿಯಲ್ಲಿ ಹೇಳುತ್ತಿದ್ದ: ಆ ಒಂದು ದೃಶ್ಯಕ್ಕೇ ಇಪ್ಪತ್ತು ಪೇಟಿ ಹೋಯಿತಂತೆ. ಒಂದು ಕ್ಷಣ ನನ್ನ ಕಣ್ಣೆದುರು ಇಪ್ಪತ್ತು ಪೆಟ್ಟಿಗೆ ಮಾವಿನಹಣ್ಣು. “ಮಾಮಾ, ಪೇಟಿ ಅಂದ್ರ ಲಕ್ಷ,” ಎಂದು ನಕ್ಕ. ಮುಂಬಯಿ-ಪುಣೆಯ ಬೀದಿಮಾತಿನಲ್ಲಿ ಲಕ್ಷ ರೂಪಾಯಿ ಒಂದು ‘ಪೇಟಿ’, ಕೋಟಿ ಒಂದು ‘ಖೋಕಾ’. ಖೋಕಾ ಅಂದರೂ ಸಾಮಾನು ತುಂಬುವ ಪೆಟ್ಟಿಗೆಯೇ. 2022ರಲ್ಲಿ ಮಹಾರಾಷ್ಟ್ರದ ವಿರೋಧ ಪಕ್ಷದವರು ಐವತ್ತು ಖೋಕೆಯ ಘೋಷಣೆ ಕೂಗಿದಾಗ ಈ ಪದಕ್ಕೆ ರಾಜಮರ್ಯಾದೆಯೂ ಸಿಕ್ಕಿತು.

ನಮ್ಮಂಥ ಪದದ ಹುಚ್ಚಿನವರಿಗೆ ಆ ರಾತ್ರಿ ನಿದ್ದೆ ಬರುವುದುಂಟೇ? ಸಂಸ್ಕೃತದಲ್ಲಿ ಪೇಟ, ಪೇಟಕ, ಪೇಟಿಕಾ. ತಮಿಳು ಮಲಯಾಳಗಳಲ್ಲಿ ಪೆಟ್ಟಿ, ತೆಲುಗಿನಲ್ಲಿ ಪೆಟ್ಟೆ, ನಮ್ಮಲ್ಲಿ ಪೆಟ್ಟಿಗೆ, ಬಡಗಣ ಸೀಮೆಯ ಬಾಯಲ್ಲಿ ಪೆಟಿಗಿ. ಘಟಿಕಾ ಗಳಿಗೆಯಾದಂತೆ, ಮಲ್ಲಿಕಾ ಮಲ್ಲಿಗೆಯಾದಂತೆ, ಕೇಶಿರಾಜನ ಅಪಭ್ರಂಶ ಪ್ರಕರಣದ ಹಾದಿಯಲ್ಲೇ ಪೇಟಿಕಾ ಪೆಟ್ಟಿಗೆಯಾಯಿತೆನ್ನುವುದು ಒಂದು ಪಕ್ಷ. ಆ ಒತ್ತಿನ ‘ಟ್ಟ’ದಲ್ಲಿ ದ್ರಾವಿಡದ ಗಂಟಲು ಕೇಳಿಸುತ್ತದೆ, ಸಾಲ ಕೊಟ್ಟವರು ನಾವು, ಪಡೆದವರು ಅವರು ಎನ್ನುವುದು ಇನ್ನೊಂದು. ನನ್ನ ಒಲವು ಎರಡನೆಯದರ ಕಡೆಗೆ, ಆದರೆ ಪಣ ಕಟ್ಟಲಾರೆ. ಯೆರವಡೆಯ ಡೆಕ್ಕನ್ ಕಾಲೇಜಿನಲ್ಲಿ 1948ರಲ್ಲಿ ಶುರುವಾದ ಸಂಸ್ಕೃತ ಮಹಾಕೋಶದ ಚೀಟಿಗಳು ಸುಮಾರು ಒಂದು ಕೋಟಿ. ಅಚ್ಚಾದ ಸಂಪುಟಗಳು ಮಾತ್ರ ಇನ್ನೂ ‘ಅ’ಕಾರ ದಾಟಿಲ್ಲ. ‘ಪ’ಕಾರದ ಪೇಟಕ ಬರುವ ಹೊತ್ತಿಗೆ ನಾವಂತೂ ಇರುವುದಿಲ್ಲ. (ಪುಣೆಯ ಸದಾಶಿವ ಪೇಠ, ನಾರಾಯಣ ಪೇಠಗಳ ‘ಪೇಠ’ ನಮ್ಮ ಪೇಟೆಯ ನೆಂಟ, ಪೆಟ್ಟಿಗೆಯದಲ್ಲ, ದನಿ ಹತ್ತಿರವಾದ ಮಾತ್ರಕ್ಕೆ ಮೋಸ ಹೋಗಬಾರದು.)

ತ್ರಿಪಿಟಕದ ಪಿಟಕ ಬುಟ್ಟಿಯೇ ಅಲ್ಲವೇ? ಅದರ ಪಕ್ಕದಲ್ಲಿಟ್ಟು ನೋಡಿದರೆ ಪೇಟಕವೂ ಮೊದಲಿಗೆ ಬಿದಿರಿನದೇ ಇದ್ದೀತು, ಇಲ್ಲಿನ ಬುರೂಡ ಆಳಿಯಲ್ಲಿ, ನಮ್ಮ ಮೇದಾರ ಓಣಿಗಳಲ್ಲಿ ಹೆಣೆಯುವಂಥದ್ದು. ಆಮೇಲೆ ಮರ, ತಗಡು, ರಟ್ಟು, ಪ್ಲಾಸ್ಟಿಕ್ ಎಲ್ಲವೂ ಅದರ ಮೈಯಾದವು. ಮೇಳದ ವೇಷಭೂಷಣದ ಪೆಟ್ಟಿಗೆ, ಕಡ್ಡಿಪೆಟ್ಟಿಗೆ, ಅಂಚೆಪೆಟ್ಟಿಗೆ, ಜೇನುಪೆಟ್ಟಿಗೆ, ಮತಪೆಟ್ಟಿಗೆ, ಕಡೆಗೊಮ್ಮೆ ಶವಪೆಟ್ಟಿಗೆ. ಧಾನ್ಯ ಎಂಬರ್ಥದ ಅರಬ್ಬಿ ‘ಗಲ್ಲಾ’ ಬಂದು ಕೂತು ದುಡ್ಡಿನ ಗಲ್ಲಾಪೆಟ್ಟಿಗೆ. ನಾಟಕ ಕಂಪನಿಗಳ ಕಾಲಕ್ಕೆ ಹಾರ್ಮೋನಿಯಮ್ಮೇ ‘ಪೇಟಿ’ಯಾಯಿತು, ನುಡಿಸುವವರು ಪೇಟಿ ಮಾಸ್ತರರಾದರು, ಬಾಲಗಂಧರ್ವರ ರಂಗದಲ್ಲಿ ಪೇಟಿಯ ದೊಡ್ಡಣ್ಣನಾದ ಆರ್ಗನ್ ಮೊಳಗಿತು.

ಆರ್ಗನ್ನಿನ ಹತ್ತಿರವೇ ನಮ್ಮ ಪೆಟ್ಟಿಗೆಗೆ ಒಬ್ಬ ಪರದೇಶಿ ಸೋದರ ಸಿಗುತ್ತಾನೆ: ‘ಕನ್ಸೋಲ್’. ಫ್ರೆಂಚರಲ್ಲಿ ಅದು ಗೋಡೆಯಿಂದ ಚಾಚಿ ಭಾರ ಹೊರುವ ಕೆತ್ತನೆ, ಹೆಚ್ಚುಕಡಿಮೆ ನಮ್ಮ ಕಂಬದ ಬೋದಿಗೆ. ಸಾಂತ್ವನ ಹೇಳುವವ ಎಂಬ ಪದದ ಮೊಟಕು ರೂಪ ಅದು ಎಂಬ ಊಹೆಯೂ ಇದೆ. ಬೋದಿಗೆಯ ಆಸರೆಯ ಮೇಜು, ಚರ್ಚಿನ ಆರ್ಗನ್ನಿನ ಮಣೆಗಳಿರುವ ಗೂಡು, ರೇಡಿಯೋದ ಬೀರು ಎಂದು ಇಳಿಯುತ್ತಾ ಬಂದು, 1972ರ ಮ್ಯಾಗ್ನವಾಕ್ಸ್ ಒಡಿಸ್ಸಿಯಿಂದೀಚೆಗೆ ಟೀವಿಯ ಕೆಳಗೆ ನೆಲೆನಿಂತಿತು. ತೊಂಬತ್ತರ ದಶಕದಲ್ಲಿ ಅದರೊಳಗೆ ತುರುಕಿದ ಆಟದ ಬಿಲ್ಲೆಗೆ ನಮ್ಮ ಹುಡುಗರು ‘ಕ್ಯಾಸೆಟ್’ ಎಂದರಷ್ಟೆ, ಫ್ರೆಂಚಿನಲ್ಲಿ ಅದರ ಅರ್ಥ ಪುಟ್ಟ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಪೆಟ್ಟಿಗೆ! 2001ರಲ್ಲಿ ಮೈಕ್ರೋಸಾಫ್ಟ್ ಸುತ್ತುಬಳಸು ಬಿಟ್ಟು ‘ಡೈರೆಕ್ಟ್‌ಎಕ್ಸ್ ಬಾಕ್ಸ್’ ಎಂಬುದನ್ನು ಮೊಟಕಿಸಿ ಎಕ್ಸ್‌ಬಾಕ್ಸ್ ಎಂದೇ ಮಾರಿತು.

ಈಗ ದುಡ್ಡಿನ ಪೇಟಿಗೆ ಬರೋಣ. 2023ರಲ್ಲಿ ಅಮೆರಿಕದ ನ್ಯಾಯಾಲಯಕ್ಕೆ ಸೋನಿ ಸಲ್ಲಿಸಿದ ಕಾಗದದಲ್ಲಿ ಮಾರ್ಕರಿನ ಕಪ್ಪು ಗೆರೆ ಬಳಿದಿದ್ದರೂ ಅಂಕಿಗಳು ಇಣುಕಿಬಿಟ್ಟವು: ‘ದ ಲಾಸ್ಟ್ ಆಫ್ ಅಸ್’ ಎರಡನೆಯ ಭಾಗಕ್ಕೆ 22 ಕೋಟಿ ಡಾಲರ್. ಇನ್ನೂರರಷ್ಟು ಜನ ಐದು ವರ್ಷಕ್ಕೂ ಮೇಲೆ ಕೂತು ತಿದ್ದಿದ ಆಟ, ಸಂಬಳವೇ ಹೆಚ್ಚಿನ ಪಾಲು. ಪುಣೆಯ ಲೆಕ್ಕದಲ್ಲಿ ಸುಮಾರು 1,800 ಖೋಕೆ. ಇದೇ ಊರಿನ ನಾಡಿಂಗ್ ಹೆಡ್ಸ್ ಎಂಬ ಪುಟ್ಟ ತಂಡ ‘ರಾಜಿ’ ಕಟ್ಟಲು 2017ರಲ್ಲಿ ಕಿಕ್‌ಸ್ಟಾರ್ಟರಿನಲ್ಲಿ ಜನರ ಮುಂದೆ ಕೈಚಾಚಿ, ಬೇಕಾದಷ್ಟು ಕೂಡದೆ, ಬೇರೆ ನೆರವು ಹುಡುಕಿ, 2020ರ ಆಗಸ್ಟಿನಲ್ಲಿ ನಿಂಟೆಂಡೊ ಸ್ವಿಚ್ಚಿಗೆ ಅದನ್ನು ತಂದದ್ದನ್ನು ನೆನೆದರೆ ಒಂದೊಂದು ಪೇಟಿಯ ತೂಕವೂ ತಿಳಿಯುತ್ತದೆ.

ಕೊಳ್ಳುವವನ ಪಾಡೂ ಅಷ್ಟೆ. ಹಿಂದೆ ಆಟದ ಪೆಟ್ಟಿಗೆ ಹಳತಾದಂತೆ ಅಗ್ಗವಾಗುತ್ತಿತ್ತು. 2021ರ ಫೆಬ್ರವರಿಯಲ್ಲಿ ಇಲ್ಲಿ 49,990 ರೂಪಾಯಿಗೆ ಬಂದ ಪ್ಲೇಸ್ಟೇಷನ್ 5 ಮರುವರ್ಷವೇ 54,990 ಆಯಿತು. ಅತ್ತ ಪೆಟ್ಟಿಗೆಯ ಹೊಟ್ಟೆ ಬರಿದಾಗುತ್ತಿದೆ: ಡಿಸ್ಕಿನ ಬಾಯಿಲ್ಲದ ಮಾದರಿಗಳು ಬಂದವು, 2025ರ ಸ್ವಿಚ್ 2ರ ಕೆಲವು ಬಿಲ್ಲೆಗಳಲ್ಲಿ ಆಟವಿಲ್ಲ, ಆಟ ಇಳಿಸಿಕೊಳ್ಳುವ ಬೀಗದಕೈ ಮಾತ್ರ. 2024ರ ನವೆಂಬರಿನಿಂದ ಮೈಕ್ರೋಸಾಫ್ಟಿನ ಜಾಹೀರಾತು ಫೋನು, ಟೀವಿ, ಲ್ಯಾಪ್‌ಟಾಪುಗಳನ್ನು ತೋರಿಸಿ ಇದೂ ಎಕ್ಸ್‌ಬಾಕ್ಸ್, ಅದೂ ಎಕ್ಸ್‌ಬಾಕ್ಸ್ ಎನ್ನತೊಡಗಿತು. ಹೆಸರಿನಲ್ಲಿ ಬಾಕ್ಸ್ ಉಳಿದು ಬಾಕ್ಸೇ ಕರಗುವ ಹಂತ. ಅರ್ಥವಿಸ್ತಾರ ಎನ್ನಲೋ ಅರ್ಥಲೋಪ ಎನ್ನಲೋ ನನಗೂ ಗೊಂದಲ.

ಮೊನ್ನೆ ಮತ್ತೆ ಬಾಣೇರಕ್ಕೆ ಹೋಗಿದ್ದೆ. ಟೀವಿಯ ಕೆಳಗಿನ ಕರಿ ಪೆಟ್ಟಿಗೆ ಕಾಣಲಿಲ್ಲ, ಯಾರಿಗೋ ಮಾರಿದ್ದನಂತೆ. ಹುಡುಗ ಸೋಫಾದಲ್ಲಿ ಕಾಲು ಚಾಚಿ, ಅಂಗೈಯಗಲದ ಫೋನಿನಲ್ಲಿ ಯಾವುದೋ ಊರಿನ ಸರ್ವರಿನಲ್ಲಿ ಓಡುವ ಆಟ ಆಡುತ್ತಿದ್ದ. ಅಡುಗೆಮನೆಯಿಂದ ತಂಗಿ ಕೂಗಿದಳು: “ಊಟಕ್ಕ ಬಾ, ಆ ಪೆಟಿಗಿ ಬಂದ್ ಮಾಡೊ!”