ಖಾಕಿಯೂ ನಮ್ಮ ಜಿಲ್ಲೆಯೂ

ನರಿಮೊಗರಿನ ಸುತ್ತುಮುತ್ತಲಲ್ಲಿ ಗೇರುಮರವನ್ನು ಕಾಣದವರಿಲ್ಲ. ಅದರ ಬೀಜದ ಸಿಪ್ಪೆಯ ಎಣ್ಣೆ ಬಟ್ಟೆಗೆ ತಗಲಿದರೆ ಎಷ್ಟು ಒಗೆದರೂ ಹೋಗದೆಂಬುದು ಗೃಹಿಣಿಯರಿಗೆ ವಿದಿತವೇ. ಸೇನೆಯ ಖಾಕಿ ಬಣ್ಣವು ಈ ಸಿಪ್ಪೆಯಿಂದಲೇ ಹುಟ್ಟಿತೆಂಬ ಮಾತು ನಮ್ಮಲ್ಲಿ ರೂಢವಾಗಿದೆ. ಅದನ್ನು ಕೊಂಚ ಪರಾಂಬರಿಸತಕ್ಕದ್ದು.

ಬಾಸೆಲ್ ಮಿಶನ್ನಿನ ಜೋನ್ ಹಾಲರನು 1851ರಲ್ಲಿ ಮಂಗಳೂರಿಗೆ ಬಂದು, ಬಲ್ಮಠದ ನೇಯ್ಗೆಶಾಲೆಯಲ್ಲಿ ಹೊಸ ತೆರದ ಮಗ್ಗಗಳನ್ನು ಹೂಡಿ, ಖಾಕಿ ಬಣ್ಣವನ್ನು ಸಿದ್ಧಪಡಿಸಿದನು. ಆದರೆ 'ಖಾಕಿ' ಎಂಬುದು ಧೂಳನ್ನು ಸೂಚಿಸುವ ಪಾರಸಿ ಮೂಲದ ಪದ. ಲಮ್ಸ್‌ಡೆನ್ 1846ರಲ್ಲಿ ಪೇಶಾವರದಲ್ಲಿ ಕಟ್ಟಿದ ಗೈಡ್ಸ್ ದಳವು ಇದಕ್ಕೆ ಮುನ್ನವೇ ಆ ಬಣ್ಣವನ್ನು ತೊಟ್ಟಿತ್ತು. ಆದುದರಿಂದ ಕಲ್ಪನೆಯೇ ನಮ್ಮದೆನ್ನುವುದು ಅತಿಯಾಯಿತು. ನಮ್ಮ ಮಗ್ಗದವರ ಹೆಚ್ಚುಗಾರಿಕೆ ಬೇರೆಡೆಯಲ್ಲಿದೆ. 1857ರಲ್ಲಿ ದಂಡಿನವರು ಬಿಳಿಯ ಬಟ್ಟೆಯನ್ನು ಕೆಸರಿನಲ್ಲೋ ಚಹದಲ್ಲೋ ಅದ್ದಿಕೊಳ್ಳುತ್ತಿದ್ದರು, ಒಗೆತಕ್ಕೊಂದು ಬಣ್ಣ! ಮಂಗಳೂರಿನ ಬಟ್ಟೆಯಾದರೋ ಗಟ್ಟಿಯಾದುದು. 1881ರಿಂದ 1885ರ ತನಕ ಮದ್ರಾಸು ಸೇನೆಯ ದಂಡನಾಯಕನಾಗಿದ್ದ ರಾಬರ್ಟ್ಸನು ಅದನ್ನು ಕಂಡು ಮೆಚ್ಚಿ ಶಿಫಾರಸು ಮಾಡಿದನೆಂದು ಹೇಳುವರು. ಹಾಲರನ ಹೆಸರು ಉಳಿಯಿತು. ಬಣ್ಣದ ಹಂಡೆಯಲ್ಲಿ ಕೈಯದ್ದಿದವರ ಹೆಸರುಗಳನ್ನು ಯಾರೂ ಹೇಳುವುದಿಲ್ಲ.

ಬಣ್ಣದ ಚರ್ಚೆ ತೀರಿದ ಮೇಲೆ ನೂಲಿನ ಚರ್ಚೆ ಬಂದಿತು. ಹತ್ತಿ ಬೆವರನ್ನು ಹೀರುವುದು, ಆದರೆ ನಮ್ಮ ಆಟಿಯ ಮಳೆಯಂಥದರಲ್ಲಿ ನೆನೆದರೆ ಬೇಗನೆ ಒಣಗದು. ಪಾಲಿಯೆಸ್ಟರ್ ಬೇಗ ಒಣಗುವುದು, ಬಾಳುವುದು. ಬೆಂಕಿ ತಾಕಿದರೆ ಕರಗಿ ಮೈಗಂಟುವುದು. ಭಾರತ ಸೇನೆಯು 2022ರ ಜನವರಿಯಲ್ಲಿ ಪ್ರಕಟಪಡಿಸಿದ ಸಮರವಸ್ತ್ರದಲ್ಲಿ ನೂರಕ್ಕೆ 70 ಪಾಲು ಹತ್ತಿ, 30 ಪಾಲು ಪಾಲಿಯೆಸ್ಟರ್.